ಒಂಬತ್ತು ತಿಂಗಳು, ಏಳು ದಿನ

ನನ್ನ ಕೆಲಸದಲ್ಲಿ ಲೆಕ್ಕ ಅಂತ ಇರುವುದು ಒಂದೇ. ಹೆಂಗಸು ಕೊನೆಯ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಕೂಡಬೇಕು, ಅದರ ಮೇಲೆ ಏಳು ದಿನ ಕೂಡಬೇಕು. ಬಂದದ್ದೇ ಹೆರಿಗೆಯ ತಾರೀಕು. ಮುಂದಕ್ಕೆ ಎಣಿಸಲು ಬೇಜಾರಾದರೆ ಮೂರು ತಿಂಗಳು ಹಿಂದಕ್ಕೆ ಹೋಗಿ ವರ್ಷ ಬದಲಿಸಿದರೂ ಅದೇ ಬರುತ್ತದೆ. ನರ್ಸ್ ತರಬೇತಿಯಲ್ಲಿ ಇದನ್ನು ಕಲಿಸಲು ಟೀಚರು ಅರ್ಧ ಗಂಟೆ ತೆಗೆದುಕೊಂಡಿದ್ದರು, ನನಗೆ ಐದು ನಿಮಿಷ ಸಾಕಾಗಿತ್ತು. ಲೆಕ್ಕದಲ್ಲಿ ಚುರುಕು ಎಂಬ ಜಂಬ ಮಧುಗಿರಿಯ ಹೈಸ್ಕೂಲಿನಿಂದಲೂ ನನ್ನ ಜೊತೆಗೇ ಬಂದಿತ್ತು.

ತಿಂಗಳು ಕೂಡುವುದು ದಿನ ಕೂಡಿದಷ್ಟು ಸಲೀಸಲ್ಲ. ದಿನಗಳೆಲ್ಲ ಒಂದೇ ಅಳತೆಯವು, ತಿಂಗಳುಗಳು ಹಾಗಲ್ಲ. ಮೇ ಮೂವತ್ತೊಂದಕ್ಕೆ ಒಂಬತ್ತು ತಿಂಗಳು ಕೂಡಿದರೆ ಫೆಬ್ರವರಿ ಮೂವತ್ತೊಂದು ಬರುತ್ತದೆ. ಅಂಥ ದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಆಗ ಫೆಬ್ರವರಿಯ ಕೊನೆಗೆ ನಿಲ್ಲಬೇಕೋ, ಮಾರ್ಚಿಗೆ ದಾಟಬೇಕೋ ಎಂದು ನಾನು ಎದ್ದು ನಿಂತು ಕೇಳಿದ್ದೆ. ಫೆಬ್ರವರಿಯ ಕೊನೆಗೆ ನಿಲ್ಲು, ಎರಡು ದಿನ ಆಚೀಚೆ ಆದರೆ ಕೂಸಿಗೆ ಏನೂ ಆಗಲ್ಲ, ಕೂತ್ಕೋ ಎಂದಿದ್ದರು ಟೀಚರು.

ಹೊಳವನಹಳ್ಳಿಯಿಂದ ಒಳಗೆ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ನನಗೆ ಪೋಸ್ಟಿಂಗ್ ಆಯಿತು. ಎರಡು ಕೋಣೆ, ಒಂದು ತೂಕದ ಯಂತ್ರ, ಒಂದು ಮೇಜು, ಗೋಡೆಗೆ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಹಳೆಯ ವರ್ಷದವನ್ನು ಬಿಸಾಡದೆ ಅದೇ ಮೊಳೆಗೆ ಒಂದರ ಕೆಳಗೊಂದು ನೇತು ಹಾಕಿಕೊಂಡಿದ್ದೆ. ಅದಕ್ಕೆ ಕಾರಣವಿತ್ತು. ನಮ್ಮ ಕಡೆ ತಾರೀಕು ಕೇಳಿದರೆ ತಾರೀಕು ಹೇಳುವವರು ಕಡಿಮೆ. ಕಡ್ಲೆಕಾಯಿ ಕಿತ್ತ ವಾರ, ಸಿದ್ದರಬೆಟ್ಟ ಹತ್ತಿ ಬಂದ ಮಾರನೆಯ ದಿನ, ಬಡವನಹಳ್ಳಿಯ ನೆಂಟರ ಗೃಹಪ್ರವೇಶಕ್ಕೆ ಹೋಗಲಾಗದೆ ಮನೆಯಲ್ಲೇ ಉಳಿದ ದಿನ, ಹೀಗೆ ಹೇಳುತ್ತಾರೆ. ಅದನ್ನೆಲ್ಲ ತಾರೀಕಿಗೆ ಇಳಿಸುವುದು ನನ್ನ ಕೆಲಸ. ಹಾಳೆ ತಿರುಗಿಸಿ, ಹಬ್ಬ ಹುಡುಕಿ, ಬೆರಳ ಗೆಣ್ಣು ಎಣಿಸಿ, ತಾಯಿ ಕಾರ್ಡಿನಲ್ಲಿ ಬರೆಯುತ್ತಿದ್ದೆ.

ಒಮ್ಮೆ ಒಬ್ಬಳು ನಾನು ಬರೆದ ತಾರೀಕಿನ ದಿನವೇ ಹೆತ್ತಳು. ಹಾಗೆ ಹೆರುವವರು ಅಪರೂಪ, ಆದರೆ ಊರು ನೆನಪಿಟ್ಟುಕೊಳ್ಳುವುದು ಅಪರೂಪದ್ದನ್ನೇ. ಅಲ್ಲಿಂದ ನರ್ಸಮ್ಮ ಬರೆದ ತಾರೀಕು ತಪ್ಪಲ್ಲ ಎಂಬ ಮಾತು ಹುಟ್ಟಿತು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ನಾನು ತಿದ್ದಲು ಹೋಗಲಿಲ್ಲ.

ಆ ಊರಿನಲ್ಲಿ ದಿನ, ತಿಥಿಗಳ ವಿಷಯಕ್ಕೆ ನನಗಿಂತ ಮೊದಲೇ ಒಬ್ಬರು ಹೆಸರಾಗಿದ್ದರು. ಬಸವಣ್ಣನ ಗುಡಿಯ ಪೂಜೆ ಮಾಡುವ ಮನೆಯ ಯಜಮಾನಿ, ಹಣೆಯ ತುಂಬ ವಿಭೂತಿ, ಮಾತು ಕಮ್ಮಿ. ಯಾವ ಹಬ್ಬ ಯಾವತ್ತು ಮಾಡಬೇಕೆಂದು ಹೆಂಗಸರು ಅವರನ್ನು ಕೇಳಿಯೇ ಅಕ್ಕಿ ನೆನೆಹಾಕುತ್ತಿದ್ದರು. ಕ್ಯಾಲೆಂಡರಿನಲ್ಲಿ ಬೇರೆ ಇದೆ ಎಂದು ಯಾರಾದರೂ ಅಂದರೆ, ಅಚ್ಚು ಹಾಕೋರಿಗೆ ಮಡಿ ಗೊತ್ತಾ ಮೈಲಿಗೆ ಗೊತ್ತಾ ಎಂದು ತಳ್ಳಿಹಾಕುತ್ತಿದ್ದರು. ನನಗೂ ಅವರಿಗೂ ಜಗಳವೇನೂ ಇರಲಿಲ್ಲ. ಒಂದು ಊರಿಗೆ ತಾರೀಕು ಹೇಳುವವರು ಇಬ್ಬರು ಇದ್ದೆವು, ಅಷ್ಟೆ.

ಅವರ ಮಗ ಸಿರಾದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತ. ಅಲ್ಲೇ ರೂಮು ಮಾಡಿಕೊಂಡಿದ್ದು ಶನಿವಾರ ಊರಿಗೆ ಬರುತ್ತಿದ್ದ. ಅವನಿಗೆ ಪಾವಗಡದ ಆಚೆಯ ಹಳ್ಳಿಯಿಂದ ಹೆಣ್ಣು ತಂದರು. ಬೇಸಿಗೆಯಲ್ಲಿ ಮದುವೆಯಾಯಿತು, ಆಷಾಢ ಬಂದಿತೆಂದು ಪದ್ಧತಿಯಂತೆ ಹೊಸ ಸೊಸೆಯನ್ನು ತವರಿಗೆ ಕಳಿಸಿದರು. ಆ ವರ್ಷ ಅಧಿಕ ಮಾಸ. ಮೂರು ವರ್ಷಕ್ಕೊಮ್ಮೆಯೋ ಏನೋ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಿಗೆ ಸೇರಿಕೊಳ್ಳುತ್ತದಲ್ಲ, ಅದು. ಆಷಾಢ ಮುಗಿದ ಮೇಲೆ ಅಧಿಕ ಶ್ರಾವಣ, ಅದು ಕಳೆದ ಮೇಲೆ ನಿಜವಾದ ಶ್ರಾವಣ. ಅಧಿಕದಲ್ಲಿ ಒಳ್ಳೆಯ ಕೆಲಸ ಮಾಡುವ ಹಾಗಿಲ್ಲ, ಹಾಗಾಗಿ ಸೊಸೆ ತವರಿನಲ್ಲಿ ಒಂದರ ಬದಲು ಎರಡು ತಿಂಗಳು ಇದ್ದಳು.

ಚಳಿಗಾಲದ ಶುರುವಿನಲ್ಲಿ ಅತ್ತೆ ಸೊಸೆಯನ್ನು ಕರೆದುಕೊಂಡು ಹೆಸರು ಬರೆಸಲು ಬಂದರು. ಇದ್ದ ಒಂದು ಕುರ್ಚಿಯಲ್ಲಿ ಅತ್ತೆ ಕೂತರು. ಸೊಸೆ ತೂಕದ ಯಂತ್ರದ ಪಕ್ಕದಲ್ಲಿ ನಿಂತಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಸಣ್ಣ ಮೈಕಟ್ಟು. ಕೊನೆಯ ಸಲ ಯಾವಾಗ ಎಂದು ನಾನು ಅವಳನ್ನೇ ನೋಡಿ ಕೇಳಿದೆ. ಉತ್ತರ ಕುರ್ಚಿಯಿಂದ ಬಂತು.

"ಭೀಮ್ನಮಾಸೆ ಆದ್ ಮೂರ್ನೇ ದಿನ್ಕೆ ಹೊರಗಾಗಿದ್ಲು ಕಣಮ್ಮ."

ಹುಡುಗಿ ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ಅದನ್ನು ನಾನು ನೋಡಿದೆ. ನಾಚಿಕೆ ಇರಬೇಕು ಎಂದುಕೊಂಡೆ. ಹೆಂಡತಿ ಗಂಡನ ಪಾದಪೂಜೆ ಮಾಡುವ ಭೀಮನ ಅಮಾವಾಸ್ಯೆ ಆಷಾಢದ ಕೊನೆಯ ದಿನ ಬರುತ್ತದೆ. ಕ್ಯಾಲೆಂಡರಿನ ಜುಲೈ ಹಾಳೆ ತೆಗೆದೆ. ಹದಿನೇಳರ ಮನೆಯಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಹಬ್ಬದ ಹೆಸರು. ಹದಿನೇಳಕ್ಕೆ ಮೂರು ಸೇರಿಸಿ ಜುಲೈ ಇಪ್ಪತ್ತು ಎಂದು ಬರೆದೆ. ಗೆಣ್ಣು ಎಣಿಸಿದೆ. ಒಂಬತ್ತು ತಿಂಗಳಿಗೆ ಏಪ್ರಿಲ್ ಇಪ್ಪತ್ತು, ಏಳು ದಿನಕ್ಕೆ ಇಪ್ಪತ್ತೇಳು. ಒಂದು ನಿಮಿಷವೂ ಹಿಡಿಯಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಆ ಹುಡುಗಿ ನನ್ನ ತಲೆನೋವಾದಳು. ಪ್ರತಿ ಸಲ ಟೇಪು ಹಿಡಿದು ಹೊಟ್ಟೆ ಅಳೆದಾಗಲೂ ಇರಬೇಕಾದ್ದಕ್ಕಿಂತ ಕಮ್ಮಿ. ಏನು ತಿಂತೀಯ ಎಂದರೆ ಎಲ್ಲ ತಿಂತೀನಿ ಅಕ್ಕಾ ಅನ್ನುವಳು. ಸುಳ್ಳು ಹೇಳ್ತೀಯ ಎಂದು ಗದರಿದೆ. ರಾಗಿ ಅಂಬಲಿ ಕುಡಿ, ಹೆಸರುಕಾಳು ತಿನ್ನು, ಮಾತ್ರೆ ಎಸೆಯಬೇಡ ಎಂದು ತಿಂಗಳಿಗೊಂದು ಸಲ ಪಾಠ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು ಹೋಗುತ್ತಿದ್ದಳು. ಸೊಸೆಗೆ ಹೊಟ್ಟೆತುಂಬ ಹಾಕ್ತಾರೋ ಇಲ್ವೋ ಎಂದು ಅವರ ಬೀದಿಯಲ್ಲಿ ನಾಲ್ಕು ಜನಕ್ಕೆ ಕೇಳುವ ಹಾಗೆ ಒಂದು ದಿನ ಅಂದೂಬಿಟ್ಟೆ. ಸ್ಕ್ಯಾನಿಂಗಿಗೆ ಮೊದಲ ಸಲ ಹೋದಾಗ ಸ್ಕ್ಯಾನ್ ಮಾಡುವ ಡಾಕ್ಟರು ಬಂದಿರಲಿಲ್ಲ, ಎರಡನೆಯ ಸಲ ಹೋಗುವ ಹೊತ್ತಿಗೆ ನನ್ನ ಲೆಕ್ಕದಲ್ಲಿ ಎಂಟು ತಿಂಗಳಾಗುತ್ತ ಬಂದಿತ್ತು. ಮಗು ಕಾರ್ಡಿನ ತಾರೀಕಿಗಿಂತ ನಾಲ್ಕು ವಾರ ಚಿಕ್ಕದು ಎಂದು ರಿಪೋರ್ಟು ಬಂತು. ಮಗು ಸರಿಯಾಗಿ ಬೆಳೆಯುತ್ತಿಲ್ಲ ಎಂದು ಅರ್ಥ ಮಾಡಿಕೊಂಡೆವು. ಯಂತ್ರ ಇದ್ದದ್ದನ್ನು ಇದ್ದಂತೆ ಹೇಳಿತ್ತು. ನಾವು ನಂಬಿದ್ದು ನನ್ನ ಕಾರ್ಡನ್ನು.

ಯುಗಾದಿ ಕಳೆದ ಮೇಲೆ ಅವರ ಮನೆಗೆ ಹೋದೆ. ತಾರೀಕು ಹತ್ತಿರ ಬಂತು, ಬಟ್ಟೆಬರೆ ಸಿದ್ಧ ಮಾಡಿಕೊಳ್ಳಿ ಎಂದೆ. ಪಕ್ಕದ ಮನೆಯ ಹೆಂಗಸರು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಅತ್ತೆ, "ಇನ್ನೂ ಒಂದಮಾಸೆ ಐತೆ ಕಣಮ್ಮ, ತಿಂಗ್ಳು ತುಂಬಿಲ್ಲ" ಎಂದರು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಇದ್ದಿಲಿನಿಂದ ಎಳೆದ ಗೀಟುಗಳಿದ್ದವು, ಅಮಾವಾಸ್ಯೆಗೊಂದರಂತೆ. ಎಣಿಸಿದೆ. ನನ್ನ ಲೆಕ್ಕಕ್ಕೆ ಒಂದು ಕಮ್ಮಿ.

ನನಗೆ ತಟ್ಟನೆ ಹೊಳೆಯಿತು, ಅಥವಾ ಹಾಗೆಂದುಕೊಂಡೆ. ಅಧಿಕ ಮಾಸ ಯಾವ ಕೆಲಸಕ್ಕೂ ಲೆಕ್ಕವಿಲ್ಲ ಎನ್ನುತ್ತಾರಲ್ಲ, ಈಯಮ್ಮ ಬಸುರಿನ ಲೆಕ್ಕದಿಂದಲೂ ಅದನ್ನು ಬಿಟ್ಟುಬಿಟ್ಟಿದ್ದಾರೆ. ಹೊಟ್ಟೆಯೊಳಗಿರೋ ಕೂಸಿಗೆ ಅಧಿಕ ಯಾವುದು ನಿಜ ಯಾವುದು ಗೊತ್ತಾಗಲ್ಲಮ್ಮ ಎಂದೆ. ಹುಣಸೆಹಣ್ಣು ಬಿಡಿಸುತ್ತಿದ್ದವರು ನಕ್ಕರು. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. ಏನೋ ಹೇಳಲು ಹೊರಟು, ಜಗಲಿಯ ಕಡೆ ಕಣ್ಣು ಹಾಯಿಸಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಗೆದ್ದೆ ಎಂದು ನನಗೆ ಖುಷಿಯಾಯಿತು. ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಏಪ್ರಿಲ್ ಇಪ್ಪತ್ತೇಳಕ್ಕೆ ನೋವು ಬರಲಿಲ್ಲ. ಇಪ್ಪತ್ತೊಂಬತ್ತಕ್ಕೆ ನಾನೇ ಅತ್ತೆ ಸೊಸೆಯರನ್ನು ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕಾರ್ಡು ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ತಾರೀಕು ದಾಟಿದೆ, ಮಗು ಒಳಗೆ ಬೆಳೆಯುತ್ತಿಲ್ಲ, ಇನ್ನು ಕಾಯುವುದು ಬೇಡ, ಗಂಡ ಬಂದು ಸಹಿ ಹಾಕಿದ ಕೂಡಲೇ ನೋವು ಬರಿಸುವ ಡ್ರಿಪ್ ಶುರು ಮಾಡೋಣ ಎಂದರು. ಆ ಕಾರ್ಡು ಹಿಡಿದ ಯಾವ ಡಾಕ್ಟರಾದರೂ ಹಾಗೇ ಹೇಳುತ್ತಿದ್ದರು. ಗಂಡನಿಗೆ ಫೋನು ಮಾಡಿದೆವು. ಸಿರಾದಿಂದ ಹೊರಟಿದ್ದಾನೆ ಎಂದು ಗೊತ್ತಾಯಿತು. ಅತ್ತೆ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತರು.

ಹೆರಿಗೆ ಕೋಣೆಗೆ ಕರೆದುಕೊಂಡು ಹೋಗುವ ಮುಂಚೆ ಕೂದಲನ್ನು ಎರಡು ಜಡೆ ಹಾಕುತ್ತೇವೆ, ಮಲಗಿದಾಗ ಬೆನ್ನಿಗೆ ಒತ್ತಬಾರದೆಂದು. ನಾನು ಅವಳ ಹಿಂದೆ ಕೂತು ತಲೆ ಬಾಚುತ್ತಿದ್ದೆ. ಹೆದರಿದವರು ಸುಮ್ಮನಿರುತ್ತಾರೆ, ಇಲ್ಲವೇ ಒಂದೇ ಸಮ ಮಾತಾಡುತ್ತಾರೆ. ಎಂದೂ ನಾಲ್ಕು ಮಾತಾಡದ ಹುಡುಗಿ ಅವತ್ತು ಮಾತಾಡಿದಳು. ಗಂಡ ಆ ನೀಲಿ ಶರ್ಟೇ ಹಾಕಿಕೊಂಡು ಬರುತ್ತಾರೆ, ಅದರ ಜೇಬಿನ ಮೇಲೆ ಗುಂಡುಪಿನ್ನಿನ ತೂತು ಇದೆ, ಭೀಮನ ಅಮಾವಾಸ್ಯೆಗೆ ತವರಿಗೆ ಬಂದಾಗ ಕಾಗದದ ಬಾವುಟ ಇನ್ನೂ ಜೇಬಿನ ಮೇಲೇ ಇತ್ತು, ಪಾದಪೂಜೆ ಮಾಡಲು ಕೂತರೆ ತಮ್ಮ ತಂಗಿಯರೆಲ್ಲ ನಕ್ಕುಬಿಟ್ಟರು ಎಂದಳು.

ನನ್ನ ಕೈ ನಿಂತಿತು. ಯಾವ ಬಾವುಟ ಎಂದು ಕೇಳಿದೆ.

"ಸ್ಕೂಲಲ್ಲಿ ಬಾವುಟ ಹಾರ್ಸಿ ಅಂಗೇ ಬಸ್ ಹತ್ತಿದ್ರು ಅಕ್ಕಾ. ಅದರ ಮಾರ್ನೇ ದಿನಾನೇ ಅಲ್ವಾ ಅಮಾಸೆ. ಅಧಿಕ ಕಳ್ದು, ಶ್ರಾವಣ ಹುಟ್ಟೋ ಅಮಾಸೆಗೇ ಮಾಡ್ಬೇಕು ಅಂತ ಅತ್ತೆ ಹೇಳಿ ಕಳ್ಸಿದ್ರು."

ಜುಲೈ ತಿಂಗಳಲ್ಲಿ ಯಾವ ಶಾಲೆಯಲ್ಲೂ ಬಾವುಟ ಹಾರಿಸುವುದಿಲ್ಲ. ಆ ಮನೆಯವರು ಹಬ್ಬ ಮಾಡಿದ್ದು ಕ್ಯಾಲೆಂಡರಿನಲ್ಲಿ ಅಚ್ಚಾದ ಅಮಾವಾಸ್ಯೆಗೆ ಅಲ್ಲ, ಒಂದು ತಿಂಗಳು ಬಿಟ್ಟು ಬಂದ ಅಮಾವಾಸ್ಯೆಗೆ, ಆಗಸ್ಟ್ ಹದಿನಾರಕ್ಕೆ. ಅದಾದ ಮೂರನೆಯ ದಿನ ಹತ್ತೊಂಬತ್ತು. ಒಂಬತ್ತು ತಿಂಗಳಿಗೆ ಮೇ ಹತ್ತೊಂಬತ್ತು, ಏಳು ದಿನಕ್ಕೆ ಇಪ್ಪತ್ತಾರು. ಇನ್ನೂ ಇಪ್ಪತ್ತೇಳು ದಿನ ಉಳಿದಿದ್ದವು. ಅವಳ ಮಗು ಬೆಳೆಯದೆ ಉಳಿದಿರಲಿಲ್ಲ, ಅದಕ್ಕೆ ಇನ್ನೂ ಹೊತ್ತಾಗಿರಲಿಲ್ಲ. ತಿಂಗಳು ತುಂಬದ ಮಗುವನ್ನು ಎಳೆದು ಹೊರಗೆ ತರಲು ನಾನೇ ಬಸ್ಸು ಹತ್ತಿಸಿಕೊಂಡು ಬಂದಿದ್ದೆ.

ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಗಡುಸಾಗಿಯೇ ಬಂತು.

"ನಾನು ಹೇಳೋಕೆ ಮುಂಚೆ ನೀವು ಬರ್ದುಬಿಟ್ರಿ ಅಕ್ಕಾ. ಆಮೇಲೆ ಯಾರೂ ನನ್ನ ಕೇಳ್ಲಿಲ್ಲ" ಎಂದಳು. ದೂರುವ ಹಾಗೆ ಅಲ್ಲ, ಇದ್ದದ್ದನ್ನು ಹೇಳುವ ಹಾಗೆ.

ಸುಳ್ಳು ಯಾಕೆ, ಒಂದು ನಿಮಿಷ ನಾನು ಸುಮ್ಮನೆ ಜಡೆ ಹೆಣೆದೆ. ನರ್ಸಮ್ಮನ ತಾರೀಕು ತಪ್ಪಲ್ಲ ಎಂಬ ಮಾತು ತಲೆಯಲ್ಲಿ ಓಡಾಡಿತು. ಮಗು ಒಂಬತ್ತನೆಯ ತಿಂಗಳಿಗೆ ಬಿದ್ದಿದೆ, ಎಷ್ಟೋ ಮಕ್ಕಳು ಬದುಕುತ್ತವೆ, ಯಾರಿಗೂ ತಿಳಿಯುವುದಿಲ್ಲ ಎಂದೂ ಅನ್ನಿಸಿತು. ಪಕ್ಕದ ಕೋಣೆಯಲ್ಲಿ ಯಾರೋ ಡ್ರಿಪ್ಪಿನ ಸ್ಟ್ಯಾಂಡು ತಳ್ಳಿಕೊಂಡು ಬರುವ ಸದ್ದು ಕೇಳಿಸಿತು. ಆ ಜಡೆಗೆ ರಿಬ್ಬನ್ನು ಕಟ್ಟದೆ ಎದ್ದೆ.

"ಮೇಡಂ, ತಾರೀಕು ತಪ್ಪಾಗಿದೆ. ತಪ್ಪು ಬರೆದದ್ದು ನಾನೇ" ಎಂದು ಡಾಕ್ಟರಮ್ಮನಿಗೆ ಹೇಳಿದೆ.

ಎರಡು ಅಮಾವಾಸ್ಯೆಯ ಕಥೆಯನ್ನು ಅವರು ಎರಡು ಸಲ ಹೇಳಿಸಿದರು. ಆಮೇಲೆ ಸ್ಕ್ಯಾನಿಂಗ್ ರಿಪೋರ್ಟು ತರಿಸಿ ಹೊಸ ತಾರೀಕಿನ ಪಕ್ಕ ಇಟ್ಟು ನೋಡಿದರು. ನಾಲ್ಕು ವಾರದ ವ್ಯತ್ಯಾಸ ಎಲ್ಲಿಯೂ ಉಳಿಯಲಿಲ್ಲ. ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು, ಅವರು ಬೈಯಲಿಲ್ಲ. ಕಾರ್ಡು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ, ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಏಪ್ರಿಲ್ ಇಪ್ಪತ್ತೇಳರ ಮೇಲೆ ಕೆಂಪು ಗೀಟು ಎಳೆದು ಕೆಳಗೆ ಮೇ ಇಪ್ಪತ್ತಾರು ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು.

ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತೆ. ತಪ್ಪಾಯ್ತಮ್ಮ, ನಿಮ್ಮ ಗೀಟೇ ಸರಿ ಎಂದೆ. ಅವರು ಬಾಗಿಲ ಕಡೆಯಿಂದ ಮುಖ ತಿರುಗಿಸಲಿಲ್ಲ. ಅಷ್ಟು ಗೊತ್ತಿದ್ದೂ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ದನಿ ತಗ್ಗಿಸಿದರು.

"ಹೆಂಗಮ್ಮ ಬಿಡ್ಸಿ ಹೇಳೋದು? ನಿನ್ ತಾರೀಕಿಂದ ಒಂಬತ್ತು ತಿಂಗ್ಳು ಹಿಂದಕ್ಕೆ ಹೋದ್ರೆ ಇವ್ಳು ತವರಲ್ಲಿದ್ಲು, ನನ್ ಮಗ ಸಿರಾದಾಗಿದ್ದ. ಜಗಲಿ ಮ್ಯಾಲೆ ನಾಲ್ಕು ಜನ ಕುಂತಿದ್ರು. ಅದ್ನ ನಾನು ಬಾಯ್ಬುಟ್ಟು ಹೇಳಿದ್ರೆ ಅವ್ರು ಏನ್ ಲೆಕ್ಕ ಹಾಕೋರು?"

ಮಗ ಬರಲಿ, ಅವನ ಬಾಯಿಂದಲೇ ಡಾಕ್ಟರಿಗೆ ಹೇಳಿಸೋಣ, ಅಲ್ಲಿವರೆಗೆ ಸಹಿ ಹಾಕಲು ಬಿಡಬಾರದು ಎಂದು ಬಾಗಿಲು ಕಾಯುತ್ತ ಕೂತಿದ್ದರಂತೆ. ನಾನು ಅವರ ಸೊಸೆಯ ಹೊಟ್ಟೆಯನ್ನು ತಿಂಗಳಿಗೊಂದು ಸಲ ಟೇಪು ಹಿಡಿದು ಅಳೆದಿದ್ದೆ, ಸೊಸೆಗೆ ಊಟ ಹಾಕುವುದಿಲ್ಲ ಎಂದು ಬೀದಿಯಲ್ಲಿ ಅಂದಿದ್ದೆ. ಅವರು ಅದನ್ನೆಲ್ಲ ನುಂಗಿಕೊಂಡು ಆ ಹುಡುಗಿಯ ಮಾನ ಕಾದಿದ್ದರು. ನನ್ನ ಕಾರ್ಡಿನ ತಾರೀಕು ಹಿಂದಕ್ಕೂ ಓಡಬಲ್ಲದು ಎಂದು ಇಷ್ಟು ವರ್ಷದಲ್ಲಿ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಮಗ ಬಂದ, ನೀಲಿ ಶರ್ಟಿನಲ್ಲೇ. ಜೇಬಿನ ಮೇಲೆ ತೂತು ಇತ್ತು. ನಾಲ್ಕೂ ಜನ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆವು. ಹುಡುಗಿಯ ಒಂದು ಜಡೆಗೆ ರಿಬ್ಬನ್ನಿತ್ತು, ಇನ್ನೊಂದು ದಾರಿಯುದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋಯಿತು.

ಮೇ ಇಪ್ಪತ್ತಾರಕ್ಕೂ ಅವಳು ಹೆರಲಿಲ್ಲ. ಹೆತ್ತದ್ದು ಇಪ್ಪತ್ತೊಂಬತ್ತಕ್ಕೆ, ಹಗಲು ಹನ್ನೊಂದಕ್ಕೆ, ತಾನಾಗಿ ಬಂದ ನೋವಿನಲ್ಲಿ. ಹೆಣ್ಣು ಮಗು, ಮೂರು ಕೇಜಿಗೆ ಒಂದಿಷ್ಟು ಕಮ್ಮಿ. ಅತ್ತದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತಂತೆ. ಆ ತೂಕವನ್ನು ರಿಜಿಸ್ಟರಿನಲ್ಲಿ ಬರೆಯುವಾಗ ನನಗೆ ಅಳು ಬಂತು. ಇಷ್ಟು ವರ್ಷದ ಕೆಲಸದಲ್ಲಿ ತೂಕ ಬರೆಯುತ್ತ ಅತ್ತದ್ದು ಅದೊಂದೇ ಸಲ.

ಈಗ ನಮಗೆ ಮೊಬೈಲು ಕೊಟ್ಟಿದ್ದಾರೆ. ಮುಟ್ಟಿನ ತಾರೀಕು ಒತ್ತಿದರೆ ಹೆರಿಗೆಯ ತಾರೀಕು ತಾನೇ ಬರುತ್ತದೆ, ಫೆಬ್ರವರಿಯನ್ನೂ ಅದೇ ನೋಡಿಕೊಳ್ಳುತ್ತದೆ. ಒತ್ತುವ ಮುಂಚೆ ನಾನು ಕುರ್ಚಿಯಲ್ಲಿ ಬಸುರಿಯನ್ನು ಕೂರಿಸುತ್ತೇನೆ. ಜೊತೆಗೆ ಬಂದವರನ್ನು ಹೊರಗೆ ಕಳಿಸುತ್ತೇನೆ. ಆ ಹಬ್ಬದ ದಿನ ಯಾರು ಬಂದಿದ್ದರು, ಏನು ಉಟ್ಟಿದ್ದೆ, ಏನು ಅಡುಗೆ ಎಂದು ಕೇಳುತ್ತೇನೆ. ನರ್ಸಮ್ಮನಿಗೆ ವಯಸ್ಸಾಯಿತು, ಇಲ್ಲದ್ದೆಲ್ಲ ಬೇಕು ಎಂದು ಊರಿನಲ್ಲಿ ಆಡಿಕೊಳ್ಳುತ್ತಾರೆ.

ಆ ಮಗುವಿಗೆ ಮೂರೂವರೆ ತಿಂಗಳ ಚುಚ್ಚುಮದ್ದು ಹಾಕಿದ ದಿನ ಅದೇ ತಾಯಿ ಕಾರ್ಡು ಮತ್ತೆ ನನ್ನ ಕೈಗೆ ಬಂತು. ಕೆಂಪು ಗೀಟು ಹಾಗೇ ಇತ್ತು. ಮುಂದಿನದು ದಡಾರದ ಚುಚ್ಚುಮದ್ದು, ಒಂಬತ್ತು ತಿಂಗಳು ತುಂಬಿದ ಮೇಲೆ. ನಾನು ಬೆರಳೆತ್ತುವುದರೊಳಗೆ ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೆಣ್ಣು ಮುಟ್ಟುತ್ತ ಎಣಿಸಲು ಶುರು ಮಾಡಿದ್ದಳು, ತನ್ನ ತವರಿನ ತೆಲುಗಿನಲ್ಲಿ. ಜೂನಿಗೆ ಒಕಟಿ, ಜುಲೈಗೆ ರೆಂಡು. ತೊಮ್ಮಿದಿ ಎಂದು ಫೆಬ್ರವರಿಗೆ ಬಂದು ನಿಂತಳು.

"ಬರೋ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ಇಲ್ವಲ್ಲ ಅಕ್ಕಾ" ಎಂದಳು.

ನಾನು ಟೀಚರು ಹೇಳಿದ್ದನ್ನೇ ಹೇಳಿದೆ. ಫೆಬ್ರವರಿಯ ಕೊನೆಗೆ ನಿಲ್ಲಿಸೋಣ, ಇಪ್ಪತ್ತೆಂಟು ಎಂದು ಬರೆಯೋಣ, ಒಂದು ದಿನದಲ್ಲಿ ಏನಾಗುತ್ತೆ.

ಅವಳು ಮಗುವಿನ ಬೆನ್ನಿನ ಮೇಲಿಂದ ಕೈ ತೆಗೆದು ಕಾರ್ಡಿನ ಮೇಲೆ ಇಟ್ಟಳು.

"ಬ್ಯಾಡಕ್ಕಾ. ಮಾರ್ಚ್ ಒಂದು ಅಂತ ಬರೀರಿ. ಒಂದಿನ ತಡ ಆದ್ರೂ ಆಗ್ಲಿ, ಮುಂಚೆ ಬ್ಯಾಡ."

ನಾನು ಮಾರ್ಚ್ ಒಂದು ಎಂದು ಬರೆದೆ.